ಅಜ್ಜ ರಷ್ಯಾ ಪಾಲು ಮಾಡಿದ ಸಂಕ್ರಾಂತಿ

ತೆಲಂಗಾಣದ ಗಡಿಯ ನಮ್ಮ ಮಕ್ತಲ್‌ನಲ್ಲಿ ಓಣಿಗೊಂದೇ ಟಿವಿ ಇದ್ದ ಕಾಲದ ಮಾತು. ಸಂಕ್ರಾಂತಿ ರಜೆ ಬಂತೆಂದರೆ ನಾರಾಯಣಪೇಟೆಯಿಂದ, ಗದ್ವಾಲದಿಂದ ಅತ್ತೆ, ಚಿಕ್ಕಪ್ಪಂದಿರ ಮಕ್ಕಳೆಲ್ಲ ನಮ್ಮನೆಗೆ ಬಂದು ಬೀಳುತ್ತಿದ್ದರು. ಒಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ, ಹೊರಗೆ ಅಂಗಳದಲ್ಲಿ ನಮ್ಮ ದೇಶದಾಟ.

ಸುಣ್ಣದಿಂದ ದೊಡ್ಡ ಸುತ್ತು ಬರೆದು ಒಬ್ಬೊಬ್ಬರಿಗೆ ಒಂದೊಂದು ದೇಶ. ಒಬ್ಬರು ಯಾವುದೋ ದೇಶದ ಹೆಸರು ಕೂಗಿ ಚೆಂಡು ಮೇಲಕ್ಕೆ ಎಸೆಯಬೇಕು. ಆ ದೇಶದವರು ಹಿಡಿಯದಿದ್ದರೆ ಎಸೆದವರಿಗೆ ಒಂದು ಗೇಣು ನೆಲ ಬಿಟ್ಟುಕೊಡಬೇಕು. ನಾನು ರಷ್ಯಾ. ಹತ್ತು ವರ್ಷದವಳಾದರೂ ಕೈ ಉದ್ದ. ಮೂರೇ ದಿನಕ್ಕೆ ಅರ್ಧ ಅಂಗಳ ನುಂಗಿದ್ದೆ. ಅಬ್ಬಾ, ಏನು ಸೊಕ್ಕು ನನಗೆ! ಸಣ್ಣ ಮಕ್ಕಳನ್ನು ಗೆರೆಯೊಳಗೆ ಕಾಲಿಡಲೂ ಬಿಡುತ್ತಿರಲಿಲ್ಲ.

ಭೋಗಿಯ ದಿನ ಅತ್ತೆಯ ಮಗ ವೆಂಕ್ಯಾ ಟಿವಿ ಇದ್ದ ಮನೆಯಿಂದ ಓಡಿ ಬಂದ. ಆಟದಲ್ಲಿ ಅವನು ಅಮೆರಿಕಾ.

“ಏ, ರಷ್ಯಾ ಒಡೆದು ಹೋಗೈತಂತ! ನಿನ್ನ ದೇಶನ ಇಲ್ಲ. ಹೊರಗ ನಡಿ!”

ಎಲ್ಲರೂ ಹೋ ಎಂದರು. ನಾನು ಅಳುತ್ತಾ ಕಟ್ಟೆಯ ಮೇಲಿದ್ದ ಅಜ್ಜನ ಹತ್ತಿರ ಓಡಿದೆ. ಕಂದಾಯ ಕಚೇರಿಯಲ್ಲಿ ಹೊಲ ಅಳೆಸಿ, ಪಾಲು ಮಾಡಿಸಿಯೇ ಮುದುಕನಾದವನು ಅಜ್ಜ. ಊರಿಗೆಲ್ಲ ಗಿರ್ದಾವರ್ ಸಾಹೇಬ. ಬಾವಿಯ ಹಗ್ಗ ಹಿಡಿದು ಎದ್ದೇ ಬಿಟ್ಟ.

“ಲೇ ವೆಂಕ್ಯಾ, ಅಪ್ಪ ಸತ್ರ ಹೊಲ ಎಲ್ಲಿಗಿ ಹೋಗ್ತೈತಲೇ? ವಾರಸದಾರರಿಗಿ ಹಿಸ್ಸೆ ಆಗ್ತೈತಿ. ರಷ್ಯಾಕ್ಕೂ ಅದ ಕಾನೂನ!”

ಹಗ್ಗ ಹಾಸಿ ನನ್ನ ರಷ್ಯಾವನ್ನು ಆರು ಪಟ್ಟಿ ಮಾಡಿದ. ಆ ಹೊಸ ದೇಶಗಳ ಹೆಸರು ಅವನಿಗೇನು ಗೊತ್ತು? ರಾಜೋಳಿ, ಐಜ, ಕೃಷ್ಣಾ ಎಂದು ನಮ್ಮ ಸುತ್ತಲಿನ ಊರುಗಳ ಹೆಸರನ್ನೇ ಇಟ್ಟ. ಐದು ಪಟ್ಟಿ ಸಣ್ಣ ಮಕ್ಕಳಿಗೆ ಹೋದವು. ನನಗೆ ಸಿಕ್ಕಿದ್ದು ಒಂದು.

“ಅಜ್ಜಾ, ನೀನೂ ಅವರ ಕಡಿನ! ನನಗ ಪೂರಾ ಬೇಕು.”

ಅಜ್ಜ ಧೋತರದ ಚುಂಗಿನಿಂದ ನನ್ನ ಮೂಗು ಒರೆಸಿದ. “ನಿಜಾಮನ ರಾಜ್ಯ ಹೋದಾಗ ನಾನೂ ಅತ್ತಿದ್ದೆ ತಂಗಿ. ಆಗಿನ್ನೂ ಹೊಸಾ ನೌಕರಿ, ಎಲ್ಲಾ ಮುಗೀತು ಅಂದ್ಕೊಂಡಿದ್ದೆ. ಕಚೇರಿ ತೆರೆದ್ರ ಅದ ಕುರ್ಚಿ, ಅದ ದಫ್ತರ. ಸಲಾಂ ಹೋಗಿ ನಮಸ್ಕಾರ ಬಂದಿತ್ತು, ಅಷ್ಟ. ಮೂರು ದಿನ ದೊಡ್ಡಾಕಿ ಆಗಿ ಆಡಿದಿ. ಇನ್ನ ಸಣ್ಣಾಕಿ ಆಗಿ ಆಡು, ನಡಿ.”

ಮುಖ ಊದಿಸಿಕೊಂಡೇ ಹೋಗಿ ನಿಂತೆ. ಪಕ್ಕದ ಪಟ್ಟಿಯಲ್ಲಿ ಚಿಕ್ಕಪ್ಪನ ಮಗಳು, ಐದು ವರ್ಷದ ಸೀತಿ, ಹೆದರಿ ನಿಂತಿದ್ದಳು. ವೆಂಕ್ಯಾ “ಐಜಾ!” ಎಂದು ಕೂಗಿ ಚೆಂಡು ಎಸೆದ. ಐಜ ಎಂದರೆ ಸೀತಿ. ಏನನ್ನಿಸಿತೋ, ಅವಳನ್ನು ಎತ್ತಿ ಹಿಡಿದೆ. ಚೆಂಡು ಹಿಡಿದೇ ಬಿಟ್ಟಳು! ಅವಳು ನನ್ನ ಕೊರಳು ತಬ್ಬಿ ಕೇಕೆ ಹಾಕಿದಾಗ ಆದ ಖುಷಿ ಅರ್ಧ ಅಂಗಳ ಗೆದ್ದಾಗಲೂ ಆಗಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಲೋಕದವರೆಲ್ಲ ಅಮೆರಿಕಾವೇ ದೊಡ್ಡದು ಎಂದರು. ಈಗ ಚೀನಾ ಎನ್ನುತ್ತಾರೆ. ಅಜ್ಜ ಹೋಗಿ ಬಹಳ ವರ್ಷಗಳಾದವು. ಹೋದ ತಿಂಗಳು, ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಯಲ್ಲಿ ನನ್ನ ಜಾಗ ನನಗಿಂತ ಕಿರಿಯಳಿಗೆ ಹೋಯಿತು. ನಗುನಗುತ್ತಲೇ ಕೀಲಿಕೈ ಕೊಟ್ಟು ಬಂದು, ಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನನ್ನನ್ನು ಸಮಾಧಾನ ಮಾಡುವಷ್ಟು ದೊಡ್ಡವರು ಈಗ ಮನೆಯಲ್ಲಿ ಯಾರೂ ಉಳಿದಿಲ್ಲ.