ಬೆಟ್ಟದ ಬೆಳಕಿಗೆ ಹಿಡಿದ ಪಟ

ಮೊದಲೇ ಹೇಳಿಬಿಡುತ್ತೇನೆ: ಎದೆಯ ಎಕ್ಸರೇ ತೆಗೆಸಲು ಬೆಂಗಳೂರಿಗೆ ಹೋದಾಗ ನಾನು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಸೋದರಮಾವನ ಕೋಟು ಕೇಳಿ ತೊಟ್ಟುಕೊಂಡು ಹೋಗಿದ್ದೆ. ಫೋಟೋ ಅಂದಮೇಲೆ ಫೋಟೋ ತಾನೆ? ಅಲ್ಲಿ ಕೋಟೂ ಬಿಚ್ಚಿಸಿದರು, ಅಂಗಿಯೂ ಬಿಚ್ಚಿಸಿದರು. ಬಂದ ಪಟದಲ್ಲಿ ಬೈತಲೆ ಹಾಗಿರಲಿ, ತಲೆಯೇ ಇರಲಿಲ್ಲ.

ಆ ಪಟವನ್ನು ಮಧುಗಿರಿಯಲ್ಲಿ ನನ್ನಿಂದ ಇಸಿದುಕೊಂಡ ಕೈಯಲ್ಲಿ ಮೂರೇ ಬೆರಳಿದ್ದವು. ಮೂರಕ್ಕೂ ಉಗುರಿಲ್ಲ. ಚರ್ಮ ಮೇಣ ಸವರಿದ ಹಾಗೆ ಹೊಳೆಯುತ್ತಿತ್ತು. ನಮ್ಮ ಪಕ್ಕದ ಮನೆಯ ಡಾಕ್ಟರ ಬಲಗೈ ಅದು. ಎಕ್ಸರೇ ಯಂತ್ರ ಹೊಸದಾಗಿ ಬಂದ ಕಾಲದಲ್ಲಿ, ಕಿರಣ ಸರಿಯಾಗಿ ಬರುತ್ತಿದೆಯೋ ಇಲ್ಲವೋ ನೋಡಲು ಅವರು ದಿನವೂ ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರಂತೆ. ಆ ಕಿರಣಕ್ಕೆ ಹುಣ್ಣಾಗಿ ಬೆರಳು ಹೋದಮೇಲೆ ಪೆನ್ಷನ್ ತಗೊಂಡು ಒಂಟಿಯಾಗಿ ಊರಿಗೆ ಬಂದರು.

ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದೆಲ್ಲ ಜನ ಪಟ ಹಿಡಿದುಕೊಂಡು ಅವರಲ್ಲಿಗೆ ಬರುತ್ತಿದ್ದರು. ಬೆಂಗಳೂರಿನಲ್ಲಿ ಪಟ ತೆಗೆದು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಕಳಿಸುತ್ತಿದ್ದರೇ ಹೊರತು, ಒಳಗೆ ಏನಿದೆ ಅಂತ ಬಿಡಿಸಿ ಹೇಳುವವರು ಇರಲಿಲ್ಲ. ಡಾಕ್ಟರು ಹೇಳುತ್ತಿದ್ದರು. ಅದಕ್ಕೆ ಅವರಿಗೆ ಬೆಟ್ಟ ಬೇಕು. ಮನೆಯಲ್ಲಿ ಕರೆಂಟಿಲ್ಲ, ಬೆಳಗಿನ ಬಿಸಿಲು ಮಧುಗಿರಿ ಬೆಟ್ಟದ ಬಂಡೆಗೆ ಬಿದ್ದು ಕಿಟಕಿ ಬೆಳ್ಳಗಾಗುವ ತನಕ ಎಲ್ಲರೂ ಕಾಯಬೇಕು. ಆಮೇಲೆ ಪಟವನ್ನು ಆ ಬೆಳಕಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು, “ಇದು ನೆರಳು, ಅಷ್ಟೇ. ಮೊದಲು ಕೂತ್ಕೊಳ್ಳಿ” ಅನ್ನುತ್ತಿದ್ದರು.

ಕಿಟಕಿಯ ಪಕ್ಕ ಹಾಕಿದ್ದ ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ಆ ಬೆರಳಿನ ರೋಗ ಅಂಟುತ್ತೆ ಅಂತ ಭಯ. ಬಾಗಿಲಾಚೆ ನಿಂತೇ ಕೇಳಿ, ನಿಂತೇ ಕೈಮುಗಿದು ಹೋಗುತ್ತಿದ್ದರು. ರೋಗಿ ಸತ್ತರೆ ಇನ್ನೊಮ್ಮೆ ಬರುತ್ತಿದ್ದರು. ಸತ್ತವರ ಮೂಳೆಯ ಪಟ ಮನೆಯಲ್ಲಿರಬಾರದು ಅಂತ ಅದನ್ನು ಡಾಕ್ಟರ ಜಗಲಿಯ ಮೇಲಿಟ್ಟು, ತಿರುಗಿ ನೋಡದೆ ಹೋಗುತ್ತಿದ್ದರು. ಡಾಕ್ಟರು ಅವನ್ನೆಲ್ಲ ಒರೆಸಿ ನಡುಮನೆಯ ಮೊಳೆಗಳಿಗೆ ತಗುಲಿಹಾಕುತ್ತಿದ್ದರು.

“ನಿಮ್ಮನೇಲಿ ನೆಂಟರು ಜಾಸ್ತಿಯಾದ್ರು ಸಾರ್” ಅಂದೆ ಒಂದು ಸಲ.

“ಹೌದಪ್ಪ. ಊಟಕ್ಕೆ ಮಾತ್ರ ನಾನೊಬ್ಬನೇ” ಅಂದರು.

ನನ್ನ ಪಟ ನೋಡಿ ಹೇಳಿದ್ದು ಇಷ್ಟು: “ಎದೆ ಚೆನ್ನಾಗಿದೆ. ಊರವರ ದನಿಯೆಲ್ಲ ಅಣಕಿಸಿ ಅಣಕಿಸಿ ಗಂಟಲು ಕೆಟ್ಟಿದೆ. ಒಂದು ವಾರ ನಿನ್ನ ದನೀಲೇ ಮಾತಾಡು.” ಆ ವಾರ ನನಗೆ ಮಾತೇ ಹೊರಡಲಿಲ್ಲ. ನನ್ನದು ಅಂತ ಒಂದು ದನಿ ಇದ್ದರೆ ತಾನೆ? ಅಮಲ್ದಾರರ ಕೆಮ್ಮು, ಇದ್ದಿಲಿನಿಂದ ಓಡುವ ಬಸ್ಸು ದಿಣ್ಣೆ ಹತ್ತುವ ಏದುಸಿರು, ನಮ್ಮ ಅತ್ತೆಯ ಶಾಪ, ಇವೇ ನನ್ನ ಬಂಡವಾಳ. ವಾರ ಕಳೆದದ್ದೇ ತಡ, ಡಾಕ್ಟರ ದನಿಯನ್ನೂ ಸೇರಿಸಿಕೊಂಡು ಅವರೆದುರೇ ಮಾಡಿ ತೋರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಕೂತ್ಕೊಂಡು ಇನ್ನೊಂದ್ಸಲ ಮಾಡು” ಅಂದರು.

“ಇದು ನಿಂತು ಮಾಡೋ ಆಟ ಸಾರ್” ಅಂತ ನಾನೂ ಹೊರಟೆ.

ಆ ಬೆಂಚಿನ ಮೇಲೆ ಕೂತವಳು ಒಬ್ಬಳೇ, ಗೌಡಗೆರೆ ಕಡೆಯ ಒಬ್ಬ ಮುದುಕಿ. ಇದ್ದೊಬ್ಬ ಮಗ ಸತ್ತಿದ್ದ. ಅವನದು ಅಂತ ಉಳಿದಿದ್ದ ಪಟ ಆ ಎಕ್ಸರೇ ಒಂದೇ. ಅದನ್ನು ಬಿಟ್ಟುಹೋಗಲು ಅವಳು ಬಂದಿರಲಿಲ್ಲ, ಕೇಳಲು ಬಂದಿದ್ದಳು.

“ಈ ಪಟ ತಗ್ಸಿದ್ಕೇ ನನ್ ಮಗ ಹೋದ್ನಾ ಸಾಮಿ? ಊರಾಗೆ ಅಂಗಂತಾರೆ. ಬ್ಯಾಡ ಬ್ಯಾಡ ಅಂತಿದ್ದೋನ್ನ ಕರ್ಕಂಡೋದೋಳು ನಾನೇಯ.”

ಡಾಕ್ಟರು ಮೂರು ಬೆರಳಿನ ಕೈ ಚಾಚಿದರು. “ನೋಡು ತಾಯಿ, ಇದು ವರ್ಷಗಟ್ಟಲೆ ದಿನಾ ಪಟ ತೆಗೆದವನ ಕೈ. ಒಂದ್ಸಲ ತೆಗೆಸಿಕೊಂಡೋರಿಗೆ ಹೀಗೆಲ್ಲ ಆಗಲ್ಲ. ನಿನ್ನ ಮಗನ ಗುಂಡಿಗೆ ಮೊದಲೇ ಊದಿತ್ತು. ನಿನ್ನಿಂದ ಏನೂ ಆಗಿಲ್ಲ.”

ಅವಳು ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡೇ ಬೆಂಚಿನ ಮೇಲೆ ಕುಸಿದಳು. ಆಮೇಲೆ ಪಟದ ಕಡೆ ನೋಡಿ ಕೇಳಿದಳು: “ಇದ್ರಾಗೆ ಅವನು ಎಲ್ಲವ್ನೆ?”

“ನಮ್ಮ ಕಡೆಗೇ ಮುಖ ಮಾಡಿ ನಿಂತಿದಾನೆ. ಅದಕ್ಕೇ ಅವನ ಎಡಗಡೆ ನಮಗೆ ಬಲಗಡೆ ಕಾಣುತ್ತೆ. ಈ ಎಡಗಡೆ ಕೊರಳ ಮೂಳೆ ನೋಡು, ಚಿಕ್ಕವನಿದ್ದಾಗ ಮುರಿದು ಕೂಡಿಕೊಂಡಿದೆ.”

“ಊಂ ಸಾಮಿ! ಹುಣಸೆ ಮರದಿಂದ ಬಿದ್ದಿದ್ದ!” ಮಗ ಆಗತಾನೆ ಬಿದ್ದು ಎದ್ದು ಬಂದನೇನೋ ಅನ್ನುವಂತೆ ನಕ್ಕಳು.

ಅಲ್ಲಿಂದಾಚೆಗೆ ಮಧುಗಿರಿ ಸಂತೆಗೆ ಬಂದಾಗಲೆಲ್ಲ ಪಟ ತರುತ್ತಿದ್ದಳು. ಡಾಕ್ಟರು ಅದನ್ನೇ ಮತ್ತೆ ಓದುತ್ತಿದ್ದರು, ಹೊಸದಾಗಿ ನೋಡಿದ ಹಾಗೆ. ಓದಿ ಮುಗಿದಮೇಲೆ ಅವಳು ಮಡಿಲಿನ ಕಡಲೆಕಾಯಿ ಬೆಂಚಿನ ಮೇಲೆ ಸುರಿದು, ಉಗುರಿಲ್ಲದ ಬೆರಳಿಗೆ ಬಿಡಿಸಲಾಗದು ಅಂತ ತಾನೇ ಬಿಡಿಸಿ ಕೊಡುತ್ತಿದ್ದಳು. ಸಂತೆಯ ದಿನ ಮಾತ್ರ ಡಾಕ್ಟರು ಗಡ್ಡ ಬೋಳಿಸುತ್ತಾರೆ ಅಂತ ನಾನು ಊರಿಗೆಲ್ಲ ಹೇಳಿ ನಗಿಸಿದ್ದೆ.

ಕೈಯ ಹುಣ್ಣು ತೋಳಿಗೇರಿ ಅವರು ತೀರಿಕೊಂಡರು. ಬೀಗದ ಕೈ ನಮ್ಮ ಮನೆಯಲ್ಲಿತ್ತು. ಮುಂದಿನ ಸಂತೆಗೆ ಮುದುಕಿ ಬಂದಳು. ವಿಷಯ ಹೇಳಿದೆ. ಅವಳು ಬೀಗವನ್ನೇ ನೋಡುತ್ತ ನಿಂತಳು.

“ಇನ್ನು ನನ್ ಮಗನ್ನ ಯಾರಪ್ಪ ಓದ್ತಾರೆ?”

ನನಗೆ ಬರುವ ವಿದ್ಯೆ ಒಂದೇ. ಬಾಗಿಲು ತೆಗೆದೆ. ಬೆಟ್ಟ ಬೆಳ್ಳಗಾಗುವ ತನಕ ಇಬ್ಬರೂ ಕಾದೆವು. ಪಟ ಹಿಡಿದು, ಗಂಟಲು ಸರಿಮಾಡಿಕೊಂಡು, ಅವರದೇ ದನಿಯಲ್ಲಿ ಶುರುಮಾಡಿದೆ: “ಇದು ನೆರಳು, ಅಷ್ಟೇ. ಮೊದಲು ಕೂತ್ಕೊಳ್ಳಿ.”

ಮುದುಕಿ ಬೆಚ್ಚಿ ನನ್ನ ಮುಖ ನೋಡಿದಳು. ಕೂತಳು. “ಈ ಎಡಗಡೆ ಕೊರಳ ಮೂಳೆ ನೋಡು” ಅಂತ ನಮ್ಮ ಬಲಗಡೆಗೆ ಬೆರಳಿಟ್ಟೆ. ಅಲ್ಲಿ ಮುರಿದ ಗುರುತೇ ಇಲ್ಲ. ಮೇಲೆ ಕೆಳಗೆ ಹುಡುಕಿದೆ.

ಅವಳು ಎದ್ದು ಬಂದು ಪಟ ಕಿತ್ತುಕೊಂಡು, ತಿರುಗಿಸಿ ಬೆಳಕಿಗೆ ಹಿಡಿದಳು.

“ದನಿಯೇನೋ ಅವರ್ದೇ ಕಣ್ಲಾ. ನನ್ ಮಗನ್ನ ಮಾತ್ರ ಆ ಕಡೀಕ್ ತಿರುಗ್ಸಿ ನಿಲ್ಸಿದ್ದೀಯಲ್ಲಾ! ಬುಡು, ನಾನೇ ಓದ್ತೀನಿ. ನೀನು ಕೂತ್ಕಂಡು ಕೇಳು.”