ಕೊಕ್ಕರೆಯ ಕೆಂಪು ಕಾಲು

ನಮ್ಮ ವಠಾರದ ತೋಮಾಶ್ ಹಾಲುಬೋವಿಚ್‌ನಷ್ಟು ನಿರುಪದ್ರವಿಯಾದ ಕಲಾವಿದ ಇಡೀ ಮಿನ್ಸ್ಕ್ ನಗರದಲ್ಲಿ ಇನ್ನೊಬ್ಬ ಇರಲಿಲ್ಲ. ಮೂವತ್ತು ವರ್ಷ ಅವನು ಕೊಕ್ಕರೆ ಬರೆದ. ಕಂಬದ ಮೇಲಿನ ಗೂಡಿನಲ್ಲಿ ಕೊಕ್ಕರೆ, ಕೊಯ್ಲಾದ ಹೊಲದಲ್ಲಿ ಕೊಕ್ಕರೆ, ಟ್ರಾಕ್ಟರಿನ ಹಿಂದೆ ಹುಳ ಹೆಕ್ಕುವ ಕೊಕ್ಕರೆ. ಸರ್ಕಾರಿ ಆರೋಗ್ಯಧಾಮಗಳು, ಅಂಚೆ ಕಚೇರಿಗಳು, ಶಾಲೆಗಳು ಅವನ್ನು ಕೊಂಡು ಗೋಡೆಗೆ ಹಾಕಿಕೊಂಡವು. ಕೊಕ್ಕರೆಗೆ ಅಭಿಪ್ರಾಯವಿಲ್ಲ, ತೋಮಾಶನಿಗೂ ಇರಲಿಲ್ಲ. ಹೀಗಾಗಿ ಇಬ್ಬರ ಹೊಟ್ಟೆಯೂ ತುಂಬುತ್ತಿತ್ತು.

ಅವನನ್ನು ಗೇಲಿ ಮಾಡುವ ಯೋಗ್ಯತೆ ನನಗೇನೂ ಇಲ್ಲ. ನಾನು ಹೈನುಗಾರರ ಮಾಸಪತ್ರಿಕೆಯೊಂದಕ್ಕೆ ನಗೆಬರಹ ಬರೆಯುವವನು. ಇಷ್ಟು ವರ್ಷ ಹಸುಗಳನ್ನು ಬಿಟ್ಟು ಬೇರೆ ಯಾರನ್ನೂ ಲೇವಡಿ ಮಾಡಿಲ್ಲ. ಹಸುಗಳಿಂದ ಇದುವರೆಗೆ ಯಾವ ದೂರೂ ಬಂದಿಲ್ಲ.

ತೋಮಾಶನ ಜೀವ ಇದ್ದದ್ದು ಒಂದು ಕೋಣೆಯಲ್ಲಿ. ನಮ್ಮ ಕಟ್ಟಡದ ತುತ್ತತುದಿಯಲ್ಲಿ, ಲಿಫ್ಟಿನ ಯಂತ್ರದ ಪಕ್ಕ, ಉತ್ತರಕ್ಕೆ ದೊಡ್ಡ ಕಿಟಕಿಯಿರುವ ಕೋಣೆ. ಕಲಾವಿದರ ಸಂಘದ ಕೃಪೆಯಿಂದ, ವಸತಿ ಕಚೇರಿಯ ಇನ್ನೂ ದೊಡ್ಡ ಕೃಪೆಯಿಂದ ಅವನಿಗೆ ದಕ್ಕಿದ್ದು. ಅವನ ಮನೆ ಎರಡನೆಯ ಮಹಡಿಯಲ್ಲಿ; ಅಲ್ಲಿ ಹೆಂಡತಿ ರೆಗಿನಾ, ಇಸ್ತ್ರಿ ಮೇಜು, ಚಳಿಗಾಲದ ಉಪ್ಪಿನಕಾಯಿ ಜಾಡಿಗಳು. ಬಣ್ಣದ ವಾಸನೆ ಬಂದರೆ ರೆಗಿನಾಳಿಗೆ ತಲೆನೋವು. “ಆ ಕೋಣೆ ಒಂದಿಲ್ಲದಿದ್ರೆ ನಾನು ಕಲಾವಿದ ಅಲ್ಲ ಕಣೋ, ಬರೀ ಗಂಡ” ಎಂದು ತೋಮಾಶ್ ನನ್ನ ಹತ್ತಿರ ಹೇಳುತ್ತಿದ್ದ.

ಆ ಕೃಪೆಗೆ ಪ್ರತಿಯಾಗಿ, ಕೆಲವು ವರ್ಷಗಳ ಹಿಂದೆ, ಅಂಗಳದ ಟ್ರಾನ್ಸ್‌ಫಾರ್ಮರ್ ಕೋಣೆಯ ಗೋಡೆಯ ಮೇಲೆ ಅವನು ಆಳೆತ್ತರದ ಕೊಕ್ಕರೆಯೊಂದನ್ನು ಬರೆದುಕೊಟ್ಟಿದ್ದ. ಅದನ್ನು ಬರೆಸಿದವರು ವಸತಿ ಕಚೇರಿಯ ಮುಖ್ಯಸ್ಥರಾದ ವಾದಿಮ್ ಪೆತ್ರೋವಿಚ್. ಆ ವರ್ಷ ನಮ್ಮದು ಜಿಲ್ಲೆಯಲ್ಲೇ ಅತಿ ಸುಂದರ ಅಂಗಳವೆಂದು ಅವರಿಗೆ ಪ್ರಶಸ್ತಿಪತ್ರ ಸಿಕ್ಕಿತು. ಕೊಕ್ಕರೆಗೂ ತೋಮಾಶನಿಗೂ ಏನೂ ಸಿಗಲಿಲ್ಲ, ಆದರೆ ಕೋಣೆ ಉಳಿಯಿತು.

ಹೀಗಿರುವಾಗ ಎರಡು ಸಾವಿರದ ಇಪ್ಪತ್ತನೆಯ ಇಸವಿ ಬಂತು.

ವಸಂತದಲ್ಲಿ ಜಗತ್ತಿಗೆಲ್ಲ ವೈರಸ್ ಬಂತು, ನಮಗೆ ಬರಲಿಲ್ಲ. ಹಾಗೆಂದು ಟಿವಿ ಹೇಳಿತು. ಹೊಲ ಉಳಬೇಕು, ಉಗಿಸ್ನಾನ ಮಾಡಬೇಕು, ಹೆದರಬಾರದು ಎಂದು ಮೇಲಿನಿಂದ ಔಷಧೋಪಚಾರ ಇಳಿದುಬಂತು. ರೆಗಿನಾ ಆಸ್ಪತ್ರೆಯಲ್ಲಿ ದಾದಿ. ಅವಳು ಮನೆಗೆ ಬಂದಾಗ ಮುಖದ ಮೇಲೆ ಮಾಸ್ಕಿನ ಗೆರೆ ಗಾಯದಂತೆ ಕೂತಿರುತ್ತಿತ್ತು.

“ಇವತ್ತೂ ವೈರಸ್ ಇರ್ಲಿಲ್ವಾ?” ಎಂದು ತೋಮಾಶ್ ಕೇಳುವನು.

“ಇರ್ಲಿಲ್ಲ. ಎಲ್ರಿಗೂ ಬರೀ ನ್ಯುಮೋನಿಯಾ. ಕಾರಿಡಾರಲ್ಲಿ ಮಂಚ ಹಾಕಿದ್ದೀವಿ, ಅಷ್ಟೊಂದು ಇರ್ಲಿಲ್ಲ” ಎಂದು ಅವಳು ಬೂಟು ಬಿಚ್ಚದೆ ಅಲ್ಲೇ ಸ್ಟೂಲಿನ ಮೇಲೆ ಕೂತು ನಿದ್ದೆ ಹೋಗುವಳು.

ಆಗಸ್ಟಿನಲ್ಲಿ ಚುನಾವಣೆ. ಅದರ ಫಲಿತಾಂಶವನ್ನು ಜನ ಎಷ್ಟು ನಂಬಿದರೆಂದರೆ, ಮರುದಿನವೇ ಬೀದಿಗಿಳಿದರು. ಆಮೇಲೆ ಪೊಲೀಸರು ಇಳಿದರು, ಕಣ್ಣು ಬಿಟ್ಟು ಉಳಿದದ್ದೆಲ್ಲ ಮುಚ್ಚುವ ಕಪ್ಪು ಮುಸುಕು ಹಾಕಿಕೊಂಡು. ಇಡೀ ದೇಶದಲ್ಲಿ ಮಾಸ್ಕಿನ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವರು ಅವರಷ್ಟೇ. ಕಲಾವಿದರು ತಮ್ಮ ಚಿತ್ರಗಳನ್ನು ಎದೆಗೆ ಹಿಡಿದು ಸಾಲಾಗಿ ನಿಂತರು. ಕೆಲವರನ್ನು ಚಿತ್ರ ಸಮೇತ ವ್ಯಾನಿಗೆ ತುಂಬಿದರು. ಕಲಾವಿದರು ಆ ಸಾಲಿಗೆ ತೋಮಾಶನನ್ನೂ ಕರೆದಿದ್ದರು. “ಬಣ್ಣ ಇನ್ನೂ ಒಣಗಿಲ್ಲ” ಎಂದು ತಪ್ಪಿಸಿಕೊಂಡ. ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ನಾನು ಹಸುಗಳ ಕಡೆ ಕೈ ತೋರಿಸುತ್ತಿದ್ದೆ. ತಿಂಗಳ ಕೊನೆಗೆ ಕೊಕ್ಕರೆಗಳು ದಕ್ಷಿಣಕ್ಕೆ ಹಾರಿದವು. ಕಲಾವಿದರಲ್ಲಿ ಅರ್ಧ ಜನ ಗಡಿ ದಾಟಿ ವಿಲ್ನಿಯಸ್‌ಗೋ ವಾರ್ಸಾಗೋ ಹಾರಿದರು. ವಠಾರದಲ್ಲಿ ಉಳಿದದ್ದು ಗೋಡೆಯ ಕೊಕ್ಕರೆ ಮತ್ತು ತೋಮಾಶ್.

ನಗರದ ಮಧ್ಯಕ್ಕೆ ಹೋಗಲು ಹೆದರಿದವರು ತಂತಮ್ಮ ಅಂಗಳದಲ್ಲೇ ಸೇರತೊಡಗಿದರು. ಒಂದೇ ಕಟ್ಟಡದಲ್ಲಿ ಬದುಕೆಲ್ಲ ಕಳೆದು ಲಿಫ್ಟಿನಲ್ಲಿ ಮುಖ ತಿರುಗಿಸಿಕೊಳ್ಳುತ್ತಿದ್ದವರು ಈಗ ಥರ್ಮಾಸಿನಲ್ಲಿ ಚಹಾ ತಂದು ಒಬ್ಬರಿಗೊಬ್ಬರು ಬಗ್ಗಿಸಿ ಕೊಟ್ಟರು. ಮೊದಲ ಮಹಡಿಯ ಫ್ರಾನ್ಯಾ ಅತ್ತೆ ಬಿಸಿ ಬಿಸಿ ದ್ರಾನಿಕಿ ಕರಿದು ತರುವಳು. ಆಲೂಗಡ್ಡೆ ತುರಿದು ಹುಯ್ದ ಆ ದೋಸೆಗಾಗಿ ಕ್ರಾಂತಿಗೆ ಬಂದವರೂ ಇದ್ದರು. ನಾನು ಅವರಲ್ಲೊಬ್ಬ.

ಆವತ್ತು ಸಂಜೆ ಫ್ರಾನ್ಯಾ ಅತ್ತೆ ತಟ್ಟೆ ಹಿಡಿದು ನಿಂತವಳು ಗೋಡೆಯನ್ನೇ ದಿಟ್ಟಿಸಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು.

“ಅಯ್ಯೋ ದೇವ್ರೇ! ಯಾರ್ರೋ ಅದು, ಗೋಡೆ ಮೇಲೆ ಬಾವುಟ ಬರ್ದಿರೋದು?”

ಎಲ್ಲರೂ ತಿರುಗಿದೆವು. ಮೇಲೆ ಕೊಕ್ಕರೆಯ ಬಿಳಿ ಮೈ. ನಡುವೆ ಕೆಂಪು ಕಾಲು. ಕೆಳಗೆ ದಟ್ಟವಾದ ಬಿಳಿ ಸೇವಂತಿಗೆ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ ಬಿಳಿ, ಕೆಂಪು, ಬಿಳಿ. ಸರ್ಕಾರ ಕೈಬಿಟ್ಟಿದ್ದ, ಬೀದಿಗಿಳಿದವರು ಮತ್ತೆ ಎತ್ತಿಕೊಂಡಿದ್ದ ನಮ್ಮ ಹಳೆಯ ಬಾವುಟ. ಆ ಬೇಸಿಗೆಯಿಂದೀಚೆಗೆ ಬಾಲ್ಕನಿಯಲ್ಲಿ ಅದೇ ಬಣ್ಣದ ಕಾಲುಚೀಲ ಒಣಗಿಹಾಕಿದರೂ ಪೊಲೀಸರು ಬಾಗಿಲು ತಟ್ಟುವ ಬಾವುಟ.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

“ಎಲಾ ತೋಮಾಶ್! ಇಷ್ಟು ವರ್ಷದಿಂದ ಎಲ್ಲರ ಕಣ್ಣೆದುರೇ ಇಟ್ಟಿದ್ಯಲ್ಲೋ!”

ತೋಮಾಶನ ಮುಖ ಸೇವಂತಿಗೆಯ ಬಣ್ಣಕ್ಕೆ ತಿರುಗಿತು. “ಅದು ಕೊಕ್ಕರೆ ಕಣ್ರೀ! ಬರೀ ಕೊಕ್ಕರೆ!”

“ಹೌದೌದು, ಕೊಕ್ಕರೆ” ಎಂದು ಫ್ರಾನ್ಯಾ ಅತ್ತೆ ಕಣ್ಣು ಹೊಡೆದಳು. “ನಾವೂ ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ತೀವಿ ಬಿಡಪ್ಪ. ತಗೋ, ಇನ್ನೆರಡು ತಿನ್ನು.”

ಅವನು ಅಲ್ಲಗಳೆದಷ್ಟೂ ಜನಕ್ಕೆ ಅವನ ಧೈರ್ಯದ ಮೇಲೆ ಗೌರವ ಹೆಚ್ಚಿತು. ಪಕ್ಕದ ಬೀದಿಯವರು ಬಂದು ಕೊಕ್ಕರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ತೋಮಾಶ್ ಮೇಲಿನ ಕೋಣೆಯ ಕಿಟಕಿಗೆ ಪರದೆ ಹಾಕಿಕೊಂಡ. ಉತ್ತರದ ಬೆಳಕಿಗಾಗಿ ಜೀವ ಬಿಡುವ ಮನುಷ್ಯ, ದೀಪ ಹಾಕಿಕೊಂಡು ಬಿಸ್ಕತ್ತಿನ ಡಬ್ಬ, ಈರುಳ್ಳಿ ಬರೆಯತೊಡಗಿದ. ಹಕ್ಕಿಗಳ ಸಹವಾಸವೇ ಬೇಡವೆನಿಸಿರಬೇಕು.

ಅಕ್ಟೋಬರಿನಲ್ಲಿ ವಾದಿಮ್ ಪೆತ್ರೋವಿಚ್ ಖುದ್ದಾಗಿ ಬಂದರು. ಬೇರೆ ಗೋಡೆಗಳ ಚಿತ್ರಗಳಿಗಾಗಿದ್ದರೆ ಅವರು ಆಳು ಕಳಿಸಿ ಬೂದುಬಣ್ಣ ಬಳಿಸಿಬಿಡುತ್ತಿದ್ದರು. ಆದರೆ ಇದು ಅವರದೇ ಪ್ರಶಸ್ತಿಯ ಕೊಕ್ಕರೆ. ಅಳಿಸಿದರೆ, ಇಷ್ಟು ದಿನ ರಾಷ್ಟ್ರದ್ರೋಹಿ ಹಕ್ಕಿಯನ್ನು ಸಾಕಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಕೊಲ್ಲುವ ಹಾಗಿಲ್ಲ, ತಿದ್ದಬೇಕು.

“ನೋಡು ತೋಮಾಶ್, ಸಣ್ಣ ಕೆಲ್ಸ. ಕಾಲಿಗೆ ಕಪ್ಪು ಬಳಿ.”

“ಕೊಕ್ಕರೆ ಕಾಲು ಕೆಂಪಗಿರುತ್ತೆ, ವಾದಿಮ್ ಪೆತ್ರೋವಿಚ್.”

“ಯಾಕೆ, ಪೊಲೇಸಿಯೆ ಜೌಗು ಕಾಡಲ್ಲಿ ಕರಿ ಕೊಕ್ಕರೆ ಇಲ್ವಾ? ನಾನೇ ನೋಡಿದ್ದೀನಿ.”

“ಇದೆ. ಅದರ ಕಾಲೂ ಕೆಂಪೇ.”

ವಾದಿಮ್ ಪೆತ್ರೋವಿಚ್ ನಿಸರ್ಗದ ಮೇಲೆ ಸಿಟ್ಟಾದರು. “ಹಾಗಾದ್ರೆ ಹಳದಿ?”

“ಹಿಂದೆ ನೀಲಿ ಆಕಾಶ ಇದೆಯಲ್ಲ. ನೀಲಿ, ಹಳದಿ. ಪಕ್ಕದ ದೇಶದ ಬಾವುಟ ಆಗಿಬಿಡುತ್ತೆ.”

“ಥೂ! ಈ ಹಕ್ಕಿಗೆ ಕಾಲೇ ಬೇಡ ಕಣಯ್ಯಾ! ನಾಳೆ ಜಿಲ್ಲೆಯವರು ಬಂದ್ರೆ ನನ್ನ ಕೇಳ್ತಾರೆ. ನಾನು ನಿನ್ನ ಕೇಳ್ತೀನಿ. ಮೇಲಿನ ಕೋಣೆಗೆ ಕಾಯ್ತಿರೋರು ತುಂಬ ಜನ ಇದ್ದಾರೆ, ಗೊತ್ತಲ್ಲ?”

ಕೋಣೆಯ ಮಾತು ಬಂದದ್ದೇ ತೋಮಾಶನ ಬುದ್ಧಿ ಚುರುಕಾಯಿತು. ಕಾಲು ಮುಟ್ಟುವುದು ಬೇಡ, ಕೆಳಗಿನ ಸೇವಂತಿಗೆಯನ್ನೆಲ್ಲ ಮುಚ್ಚಿ ಹಸಿರು ಹುಲ್ಲು ಬರೆಯುತ್ತೇನೆ ಎಂದ. ವಾದಿಮ್ ಪೆತ್ರೋವಿಚ್ ಯೋಚಿಸಿದರು. ಮೇಲೆ ಕೆಂಪು, ಕೆಳಗೆ ಹಸಿರು. ಸರ್ಕಾರದ ಬಾವುಟ ಥೇಟ್ ಹಾಗೆಯೇ. ಅವರ ಕಣ್ಣಲ್ಲಿ ನೀರೇ ಬಂತು.

“ತೋಮಾಶ್, ನಿನ್ನಂಥ ದೇಶಭಕ್ತ ಇಲ್ಲ.”

ತೋಮಾಶ್ ಹುಲ್ಲು ಬರೆದ. ಎಸಳು ಎಸಳಾಗಿ, ನಡುನಡುವೆ ಇಬ್ಬನಿ ಇಟ್ಟು, ಚೆಂದವಾಗಿಯೇ ಬರೆದ. ಅವನ ಲೆಕ್ಕದಲ್ಲಿ ಕೊಕ್ಕರೆಯ ಕಾಲೂ ಉಳಿದಿತ್ತು, ಕೋಣೆಯೂ ಉಳಿದಿತ್ತು. ಆದರೆ ವಠಾರದ ಲೆಕ್ಕ ಬೇರೆ.

“ಏನಪ್ಪಾ, ಬಾವುಟ ಬದಲಾಯಿಸಿಬಿಟ್ಯಂತೆ?” ಫ್ರಾನ್ಯಾ ಅತ್ತೆ ಥರ್ಮಾಸಿನ ಮುಚ್ಚಳ ಬಿಗಿದಳು. “ಸಾವಿರದೊಂಬೈನೂರ ನಲವತ್ತೆಂಟರಿಂದ ನೋಡ್ತಿದ್ದೀನಿ, ಹುಲ್ಲು ನಿನ್ನಷ್ಟು ಬೇಗ ಬೆಳೆದಿದ್ದು ಕಾಣೆ.”

“ಅತ್ತೆ, ಅದು ಹುಲ್ಲು! ಬರೀ ಹುಲ್ಲು!”

“ಹೌದೌದು, ಹುಲ್ಲು” ಎಂದಳು. ಈ ಸಲ ಕಣ್ಣು ಹೊಡೆಯಲಿಲ್ಲ. ದ್ರಾನಿಕಿಯ ತಟ್ಟೆ ಅವನನ್ನು ದಾಟಿಕೊಂಡು ನನ್ನ ಬಳಿ ಬಂತು. ನಾನು ಗೆಳೆಯನ ಪಾಲಿನ ಅವಮಾನಕ್ಕೆ ತುಂಬ ನೊಂದು ನಾಲ್ಕು ತಿಂದೆ.

ರೆಗಿನಾಳಿಗೇ ಸೋಂಕು ತಗುಲಿದ್ದು ಆಗ. ಅವಳದೂ ನ್ಯುಮೋನಿಯಾ ಎಂದೇ ಬರೆದರು. ಎರಡು ವಾರ ತೋಮಾಶ್ ಕೆಳಗೂ ಮೇಲೂ ಓಡಾಡಿದ, ಸಾರು ಕಾಯಿಸಿದ, ಅವಳು ಮಲಗಿದ್ದ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕೂತು ಅವಳ ಕೆಮ್ಮು ಕೇಳಿಸಿಕೊಂಡ. ಫ್ರಾನ್ಯಾ ಅತ್ತೆ ಬಾಗಿಲ ಹಿಡಿಕೆಗೆ ಜೇನಿನ ಬಾಟಲಿ ತೂಗುಹಾಕಿ ಹೋದಳು. ತೋಮಾಶನಿಗಲ್ಲ, ಅವನ ಹೆಂಡತಿಗೆ ಎಂದು ಬಾಗಿಲಿಗೇ ಕೂಗಿ ಹೇಳಿದ್ದಳು. ರೆಗಿನಾ ಎದ್ದು ಕೂತಳು, ಇನ್ನೂ ಸರಿಯಾಗಿ ಉಸಿರು ಬಾರದಿದ್ದಾಗಲೇ ಕೆಲಸಕ್ಕೂ ಹೋದಳು. ಆ ಎರಡು ವಾರದ ನಂತರ ತೋಮಾಶ್ ಸ್ವಲ್ಪ ಬೇರೆಯಾದನೆಂದು ನನಗೆ ಅನಿಸಿತ್ತು. ಅನಿಸಿಕೆಗಳನ್ನು ಆಗ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಹಿಮ ಬಿತ್ತು. ವಸತಿ ಕಚೇರಿಯ ಯಂತ್ರವೇ ಬಂದು ದಾರಿಯ ಹಿಮವನ್ನೆಲ್ಲ ತಳ್ಳಿ ಟ್ರಾನ್ಸ್‌ಫಾರ್ಮರ್ ಕೋಣೆಯ ಗೋಡೆಗೆ ಒಟ್ಟಿ ಹೋಯಿತು. ಬೆಳಗ್ಗೆ ನೋಡಿದರೆ ದೇಶಭಕ್ತ ಹುಲ್ಲು ಪೂರ್ತಿ ಮುಚ್ಚಿಹೋಗಿತ್ತು. ಮೇಲೆ ಬಿಳಿ ಮೈ, ನಡುವೆ ಕೆಂಪು ಕಾಲು, ಕೆಳಗೆ ಅಪ್ಪಟ ಬಿಳಿ ಹಿಮ. ವಠಾರ ಬಾಲ್ಕನಿಗಳಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಿಂಗಳುಗಳ ನಂತರದ ನಗು. ಫ್ರಾನ್ಯಾ ಅತ್ತೆ ಕೆಳಗಿನಿಂದ ಕೂಗಿದಳು: “ತೋಮಾಶ್! ಇದು ಹಿಮ ತಾನೇ? ಬರೀ ಹಿಮ?”

ಮಧ್ಯಾಹ್ನಕ್ಕೆ ವಾದಿಮ್ ಪೆತ್ರೋವಿಚ್ ಕಪ್ಪು ಬಣ್ಣದ ಡಬ್ಬ ಹಿಡಿದುಕೊಂಡೇ ಬಂದರು. ಅವರ ಮುಖ ನೋಡಿದರೆ ಪಾಪ ಅನಿಸುತ್ತಿತ್ತು. ಅವರಿಗೂ ಮೇಲಿನಿಂದ ಫೋನು ಬಂದಿತ್ತು.

“ಹಿಮ ಎತ್ತಿಸ್ಬಹುದು, ಮತ್ತೆ ಬೀಳುತ್ತೆ. ಮಾರ್ಚ್‌ವರೆಗೂ ಬೀಳುತ್ತೆ. ಇದೇ ಕೊನೇ ಮಾತು, ತೋಮಾಶ್. ಈಗ್ಲೇ ಕಾಲು ಕಪ್ಪು ಮಾಡು. ಇಲ್ಲಾಂದ್ರೆ ಮೇಲಿನ ಕೋಣೆ ಬೀಗದ ಕೈ ಕೊಡು.”

ತೋಮಾಶ್ ಡಬ್ಬ ತೆಗೆದುಕೊಂಡ. ಮೊಣಕಾಲುದ್ದ ಹಿಮದಲ್ಲಿ ಗೋಡೆಯವರೆಗೆ ನಡೆದ. ಬಾಲ್ಕನಿಗಳ ನಗು ನಿಂತಿತು. ಅವನು ಮುಚ್ಚಳ ತೆರೆದ, ಕುಂಚ ಅದ್ದಿದ. ಕುಂಚ ಕೊಕ್ಕರೆಯ ಕಾಲಿನ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಕಪ್ಪು ಹನಿ ಹಿಮದ ಮೇಲೆ ತೊಟ್ಟಿಕ್ಕಿತು.

“ಆಗಲ್ಲ, ವಾದಿಮ್ ಪೆತ್ರೋವಿಚ್.”

“ಏನಾಗಲ್ಲ? ಯಾರ ಕಡೆ ನೀನು?”

“ಯಾರ ಕಡೆನೂ ಅಲ್ಲ. ಕೊಕ್ಕರೆ ಕಾಲು ಕೆಂಪು. ನಾನು ಜೀವಮಾನವಿಡೀ ಇದೊಂದೇ ಹಕ್ಕಿ ಬರ್ದಿದ್ದೀನಿ. ಮನೇಲಿ ಒಬ್ಳು ಕಣ್ಣಾರೆ ಕಂಡಿದ್ದನ್ನ ಇಲ್ಲ ಅಂತ ಬರೀತಾ ಬರೀತಾ ಸಾಯೋ ಹಾಗಾಗಿದ್ಳು. ಒಂದು ಮನೆಗೆ ಅಷ್ಟು ಸಾಕು.”

ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಎಂಬ ಒಂದು ಪದವೂ ಅವನ ಬಾಯಿಂದ ಬರಲಿಲ್ಲ. ಇತಿಹಾಸಕ್ಕೆ ಹೋಗಬಹುದಾಗಿದ್ದ ಭಾಷಣವನ್ನು ಹಕ್ಕಿಯ ಕಾಲಿನ ಮೇಲೆ ಖರ್ಚು ಮಾಡಿ, ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟ.

ಸಂಜೆಯೊಳಗೆ ಕೋಣೆ ಖಾಲಿ ಮಾಡಬೇಕಿತ್ತು. ಲಿಫ್ಟಿನಲ್ಲಿ ದೊಡ್ಡ ಚಿತ್ರಗಳು ಹಿಡಿಸುವುದಿಲ್ಲ. ವಠಾರದವರು ಮಾಸ್ಕು ಕಟ್ಟಿಕೊಂಡು ಮೆಟ್ಟಿಲುದ್ದಕ್ಕೂ ಸಾಲು ನಿಂತರು. ಎರಡನೆಯ ಮಹಡಿಯಲ್ಲಿ ಹಿಡಿಸದೆ ಉಳಿದದ್ದನ್ನು ಅಂಗಳ ದಾಟಿಸಿ ಎದುರು ಕಟ್ಟಡದ ನೆಲಮಾಳಿಗೆಗೆ ಸಾಗಿಸಬೇಕಾಯಿತು. ಒಬ್ಬರ ಹಿಂದೊಬ್ಬರು, ಎದೆಗೊಂದು ಕೊಕ್ಕರೆ. ಎಲ್ಲವೂ ಬಿಳಿ ಮೈ, ಎಲ್ಲವೂ ಕೆಂಪು ಕಾಲು, ಕೆಳಗೆ ಹಿಮ. ಅನುಮತಿಯಿಲ್ಲದೆ ಗುಂಪು ಸೇರುವುದು ಅಪರಾಧವೆಂದು ಯಾರಿಗೂ ನೆನಪಾಗಲಿಲ್ಲ.

ಗೇಟಿನ ಬಳಿ ಪೊಲೀಸ್ ವ್ಯಾನು ನಿಂತಿತು. ಮುಸುಕಿನವನೊಬ್ಬ ಕಿಟಕಿ ಇಳಿಸಿದ.

“ಏನ್ರೀ ಇದು ಮೆರವಣಿಗೆ?”

“ಮನೆ ಬದಲಾಯಿಸ್ತಿದ್ದೀವಿ ಮಗಾ” ಎಂದಳು ಫ್ರಾನ್ಯಾ ಅತ್ತೆ, ತನಗಿಂತ ಎತ್ತರದ ಕೊಕ್ಕರೆಯ ಹಿಂದಿನಿಂದ. “ಕೈ ಖಾಲಿ ಇದ್ರೆ ಇಳ್ದು ಬಾ, ಒಂದು ತುದಿ ಹಿಡ್ಕೋ.”

ಅವನು ಸಾಲನ್ನು ನೋಡಿದ, ಗೋಡೆ ನೋಡಿದ, ಏನೆಂದು ವರದಿ ಮಾಡುವುದೋ ತಿಳಿಯದೆ ಕಿಟಕಿ ಏರಿಸಿಕೊಂಡ. ವ್ಯಾನು ಮಾತ್ರ ಹೋಗಲಿಲ್ಲ. ಅಲ್ಲೇ ನಿಂತು ನೋಡುತ್ತಿತ್ತು.

ತೋಮಾಶ್ ಎಲ್ಲರಿಗಿಂತ ಮುಂದಿದ್ದ. ಅವನಿಗೆ ವ್ಯಾನು ಕಂಡಿತ್ತೋ ಇಲ್ಲವೋ. ಹಿಂತಿರುಗಿ, ಅಂಗಳಕ್ಕೆಲ್ಲ ಕೇಳುವಂತೆ, ಅವನ ಗಂಟಲಲ್ಲಿ ನಾನು ಎಂದೂ ಕೇಳಿರದ ದನಿಯಲ್ಲಿ ಕೂಗಿದ: “ಮೇಲೆತ್ತಿ ಹಿಡೀರ್ರೋ! ಇನ್ನೂ ಮೇಲೆ! ಕಾಲು ಹಿಮಕ್ಕೆ ತಾಗ್ತಿದೆ!”

ಎತ್ತಿ ಹಿಡಿದೆವು.