ಹನ್ನೆರಡು ಗಂಟೆಯ ಬಿಸಿಲು ಬೀಳುವ ಜಾಗ

ರೈಲ್ವೆ ಸ್ಟೇಷನ್ನಿನ ಎದುರಿಗಿದ್ದ ಲಾಡ್ಜಿನ ಕೌಂಟರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಒಬ್ಬಳೇ ಹೆಂಗಸು ಕೂರುತ್ತಿದ್ದಳು. ಎಲ್ಲರೂ ಅವಳನ್ನು ಕೌಂಟರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಿಗೂ ಅವಳು ಅಕ್ಕನೇ. ಅದೇ ಲಾಡ್ಜಿನ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ಸ್ವಂತ ಅಣ್ಣ ಕೂಡ, "ಏನ್ ಕೌಂಟರಕ್ಕ, ಟೀ ಆಯ್ತಾ?" ಎಂದು ರೇಗಿಸುತ್ತಿದ್ದ.

ಊರು ನೋಡಲು ಬಂದವರು ಬೀಗದ ಕೈ ಇಸಿದುಕೊಳ್ಳುವಾಗ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: "ನಿಮ್ಮೂರಲ್ಲಿ ನೋಡೋಕೆ ಏನಿದೆ?" ಅದಕ್ಕೆ ಅವಳ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ಗಡಿಯಾರದ ಗೋಪುರ ಹತ್ತೋದಾದ್ರೆ ಬೆಳಿಗ್ಗೆ ಏಳಕ್ಕೇ ಹೋಗಿ. ಎಂಟಕ್ಕೆ ಕಾವಲಿನವನು ಬಂದ್ಬಿಡ್ತಾನೆ. ಅವನ ಮಾತಿಗೆ ಸಿಕ್ಕಿದ್ರೆ ಮುಗೀತು, ಗೋಪುರ ಬಿದ್ದು ಹೋದ್ರೂ ನೀವು ಕೆಳಗೇ ನಿಂತಿರ್ತೀರ. ಮ್ಯೂಸಿಯಂನಲ್ಲಿ ಕೆಳಗಡೆ ಇರೋದೆಲ್ಲ ಬರೀ ಧೂಳು. ಸೀದಾ ಮಹಡಿಗೆ ಹೋಗಿ, ಹಳೇ ನಕ್ಷೆಗಳಿವೆ. ಬೇಕರೀಲಿ ಹತ್ತು ಗಂಟೆಗೆ ತೆಗೆಯೋ ಬನ್ನು ತಗೊಳ್ಳಿ. ಅದಕ್ಕಿಂತ ಮುಂಚೆ ಕೊಟ್ರೆ ನಿನ್ನೇದು ಅಂತ ತಿಳ್ಕೊಳ್ಳಿ."

ಇಷ್ಟು ಹೇಳಿ, ಕೊನೆಗೆ ಅವಳೇ ಒಂದು ಪ್ರಶ್ನೆ ಕೇಳುತ್ತಿದ್ದಳು. "ಎಷ್ಟೊತ್ತಿಗೆ ವಾಪಸು ಬರ್ತೀರ?" ಹೇಳಿದ ಹೊತ್ತನ್ನು ರೂಮಿನ ನಂಬರಿನ ಪಕ್ಕದಲ್ಲಿ, ಹಿಂದೆ ಗೋಡೆಗೆ ತೂಗುಹಾಕಿದ ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಅರ್ಧ ಗಂಟೆ ತಡವಾದರೆ ಫೋನು ಮಾಡುತ್ತಿದ್ದಳು. ಫೋನು ಎತ್ತದಿದ್ದರೆ ಅಣ್ಣನನ್ನು ಸೈಕಲ್ಲಿನ ಮೇಲೆ ಅಟ್ಟುತ್ತಿದ್ದಳು. "ನಮ್ಮಮ್ಮನೂ ಇಷ್ಟು ಕಾಯಲ್ಲ" ಎಂದು ಬಂದವರು ನಗುತ್ತಿದ್ದರು. ಈಚೆಗೆ ಫೋನಿನಲ್ಲಿ ಲಾಡ್ಜಿನ ಬಗ್ಗೆ ಬರೆಯುವವರೆಲ್ಲ ಇವಳ ಬಗ್ಗೆಯೇ ಬರೆಯುತ್ತಿದ್ದರು. ರೂಮು ಸಾಧಾರಣ, ನಲ್ಲಿ ಸೋರುತ್ತದೆ, ಆದರೆ ಆ ಅಕ್ಕನಂಥವರು ಎಲ್ಲೂ ಸಿಗುವುದಿಲ್ಲ, ಎಂದು.

ಅದನ್ನು ಯಾರಾದರೂ ಓದಿ ಹೇಳಿದರೆ ಅವಳು ಏನೋ ನೆಪ ಹುಡುಕಿ ಒಳಗೆ ಹೋಗಿಬಿಡುತ್ತಿದ್ದಳು.

ಸ್ಲೇಟು ಗೋಡೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೂ ಮುಂಚೆ ಆ ಜಾಗದಲ್ಲಿ ಬರೀ ಒಂದು ಮೊಳೆ ಇತ್ತು.

ಆಗ ಅವಳಿಗೆ ಮೂವತ್ತೆರಡು. ಒಂದು ಸೋಮವಾರ ಸಂಜೆ, ರಿಟೈರಾದ ಟೀಚರೊಬ್ಬರು ಒಂಟಿಯಾಗಿ ಬಂದು ಮಹಡಿಯ ಮೂಲೆ ರೂಮು ಹಿಡಿದರು. ಬೆಳ್ಳಗಿನ ತುರುಬು, ದಪ್ಪ ಕನ್ನಡಕ, ಹೆಗಲಿಗೊಂದು ಬಟ್ಟೆಯ ಚೀಲ. ಕೌಂಟರಕ್ಕ ಎಂದಿನಂತೆ ನೋಡುವ ಜಾಗಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಟೀಚರಮ್ಮ ಚೀಟಿ ಓದಿ, ಪೆನ್ನು ತೆಗೆದು, ಒಂದು ಪದದ ಕೆಳಗೆ ಗೆರೆ ಎಳೆದರು.

"ಏನಮ್ಮ ಇದು, 'ಮದ್ಯಾನ ಮ್ಯೂಸಿಯಂ' ಅಂತ ಬರೆದಿದ್ದೀಯ? ಮ್ಯೂಸಿಯಂನಲ್ಲಿ ಕುಡಿಯೋಕೆ ಕೊಡ್ತಾರೆ ಅಂತ ಜನ ಕ್ಯೂ ನಿಂತ್ಕೋತಾರೆ. ಮಧ್ಯಾಹ್ನ. ಧಕಾರಕ್ಕೆ ಹೊಟ್ಟೆ ಸೀಳು. ಹಕಾರಕ್ಕೆ ನ ಒತ್ತು. ಹೇಳು ನೋಡೋಣ."

"ಮಧ್ಯಾಹ್ನ" ಎಂದು ಹೇಳಿ ಕೌಂಟರಕ್ಕ ನಕ್ಕುಬಿಟ್ಟಳು. ಹಾಗೆ ಅವಳನ್ನು ತಿದ್ದಿದವರು ಅವಳ ಅಪ್ಪನ ನಂತರ ಯಾರೂ ಇರಲಿಲ್ಲ.

"ಇವೆಲ್ಲ ಎಲ್ಲರಿಗೂ ಹೇಳೋ ಜಾಗ" ಎಂದರು ಟೀಚರಮ್ಮ. "ನಿನಗೆ ಇಷ್ಟವಾದ ಜಾಗ ಯಾವುದು? ಯಾರಿಗೂ ಹೇಳದೇ ಇರೋದು?"

ಅದೊಂದಿತ್ತು. ಊರಿನ ಹೊರಗಿನ ಹಳೆಯ ಕಲ್ಲು ಕ್ವಾರಿ. ಅವಳ ಅಪ್ಪ ಅಲ್ಲಿ ಕಲ್ಲು ಒಡೆಯುತ್ತಿದ್ದ. ಚಿಕ್ಕವಳಿದ್ದಾಗ ಅವಳು ದಿನವೂ ಊಟದ ಡಬ್ಬಿ ಒಯ್ಯುತ್ತಿದ್ದಳು. ಕೆಲಸಗಾರರೇ ಕಡಿದ ಮೆಟ್ಟಿಲುಗಳು ಕೆಳಗಿನ ಒಂದು ಕಟ್ಟೆಗೆ ಇಳಿಯುತ್ತಿದ್ದವು, ಅದರ ಬುಡದಲ್ಲಿ ನೀರು. ಹನ್ನೆರಡು ಗಂಟೆಗೆ ಸರಿಯಾಗಿ ಬಿಸಿಲು ನೆಟ್ಟಗೆ ಒಳಗಿಳಿದು ಹೊಂಡದ ತಳ ಮುಟ್ಟುತ್ತಿತ್ತು. ಕಾಲು ಗಂಟೆಯ ಕಾಲ ಕಲ್ಲಿನ ಗೋಡೆಯೆಲ್ಲ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಏನೂ ಇಲ್ಲ, ಮತ್ತೆ ಬೂದಿ ಬಣ್ಣದ ಕಲ್ಲು.

ಆದರೆ ತಿಂಗಳ ಹಿಂದೆ ಅಲ್ಲಿ ಯಾರೋ ಜಾರಿ ಬಿದ್ದಿದ್ದರು, ನಗರಸಭೆಯವರು ಎಚ್ಚರಿಕೆಯ ಬೋರ್ಡು ನೆಟ್ಟಿದ್ದರು. ಲಾಡ್ಜಿನ ಯಜಮಾನರು ಕೌಂಟರಿಗೆ ಬಂದು ಖಂಡತುಂಡವಾಗಿ ಹೇಳಿದ್ದರು: "ಕ್ವಾರಿ ಕಡೆ ಯಾರನ್ನಾದ್ರೂ ಕಳಿಸಿದ್ಯೋ, ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೋ."

ಹಾಗಿದ್ದೂ ಅವಳು ಹೇಳಿದಳು. ದಾರಿಯನ್ನೂ ಹೇಳಿದಳು, ಹೊತ್ತನ್ನೂ ಹೇಳಿದಳು. ಟೀಚರಮ್ಮ ತಿದ್ದಿದ ಚೀಟಿಯನ್ನು ಅವಳ ಕೈಗೇ ವಾಪಸು ಕೊಟ್ಟು, "ಇದು ನಿನಗೇ ಇರಲಿ, ಹತ್ತು ಸಲ ಕಾಪಿ ಬರಿ" ಎಂದು ಕಣ್ಣು ಮಿಟುಕಿಸಿದರು.

ಮಂಗಳವಾರ ಬೆಳಿಗ್ಗೆ ಹೊರಟವರು ಸಂಜೆಗೆ ಬರಲಿಲ್ಲ. ಎಲ್ಲೋ ನೆಂಟರ ಮನೆ ಇರಬಹುದು ಎಂದು ಯಜಮಾನರು ಒಂದು ರಾತ್ರಿ ಸುಮ್ಮನಿದ್ದರು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಪೊಲೀಸಿನವನೊಬ್ಬ ಬಂದು ಕೌಂಟರಿಗೆ ಮೊಣಕೈ ಊರಿ ನಿಂತ. ಯಜಮಾನರು ಪಕ್ಕದಲ್ಲೇ ಇದ್ದರು. ಅಣ್ಣ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಅಂಗಡಿಯಿಂದ ಎದ್ದು ಬಂದಿದ್ದ.

"ಎಲ್ಲಿಗೆ ಹೋಗ್ತೀನಿ ಅಂತ ಏನಾದ್ರೂ ಹೇಳಿದ್ರಾ?"

ಅವಳು ಅಣ್ಣನ ಮುಖ ನೋಡಿದಳು. ಅಣ್ಣನಿಗೆ ವಿಷಯ ಗೊತ್ತಿತ್ತು, ಹಿಂದಿನ ಸಂಜೆಯೇ ಹೇಳಿಕೊಂಡು ಅತ್ತಿದ್ದಳು. ಅವನು ಕಂಡೂ ಕಾಣದಂತೆ ತಲೆ ಅಲ್ಲಾಡಿಸಿದ. ಬೇಡ.

"ಇಲ್ಲ" ಎಂದಳು ಅವಳು. "ಬೀಗದ ಕೈ ಕೊಟ್ಟು ಹೊರಟ್ರು, ಅಷ್ಟೆ."

ಆವತ್ತೇ ಸಂಜೆ ಚೀಟಿಯನ್ನು ಒಲೆಗೆ ಹಾಕಿದಳು. ಪೊಲೀಸರು ಎರಡು ದಿನ ಸ್ಟೇಷನ್ನು, ಆಸ್ಪತ್ರೆ, ಹೊಳೆದಂಡೆ ಎಲ್ಲ ಜಾಲಾಡಿದರು. ಗುರುವಾರ ಸಂಜೆ ಆಡು ಮೇಯಿಸುವವನೊಬ್ಬ ಕ್ವಾರಿಯ ಕಟ್ಟೆಯ ಮೇಲೆ ಟೀಚರಮ್ಮನ ಹೆಣ ಕಂಡ. ನೀರಿಗೆ ಬಿದ್ದಿರಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ರಿಜಿಸ್ಟರು ನೋಡಲು ಮತ್ತೆ ಬಂದ ಅದೇ ಪೊಲೀಸಿನವನು, ಟೀ ಹೀರುತ್ತಾ, ಯಾರಿಗೋ ಹೇಳುವಂತೆ ಹೇಳಿದ: "ಪಾಪ, ಬುಧವಾರ ಸಂಜೇವರೆಗೂ ಜೀವ ಇತ್ತಂತೆ. ಡಾಕ್ಟರು ಹೇಳಿದ್ರು. ಕೂಗಿ ಕೂಗಿ ಗಂಟಲು ಕಟ್ಟಿ ಹೋಗಿತ್ತೋ ಏನೋ."

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಬದುಕಿದ್ದರು. ಆ ಲೆಕ್ಕವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಟೀಚರಮ್ಮನ ಮಗಳು, ಹತ್ತೊಂಬತ್ತರ ಹುಡುಗಿ, ಚಿಕ್ಕಪ್ಪನ ಜೊತೆ ಬಂದಳು. ಕೌಂಟರಕ್ಕ ಬಟ್ಟೆಯ ಚೀಲ ಎತ್ತಿಕೊಟ್ಟಳು. ಆ ವಾರವೇ ಸ್ಲೇಟು ತಂದು ಮೊಳೆಗೆ ತೂಗುಹಾಕಿದಳು. ಕ್ವಾರಿಯ ಹೆಸರನ್ನು ಮತ್ತೆ ಯಾವ ಗಿರಾಕಿಯ ಮುಂದೆಯೂ ಎತ್ತಲಿಲ್ಲ.

ಮೂರು ವರ್ಷ ಕಳೆದ ಮೇಲೆ ಹೊಸದಾಗಿ ಮದುವೆಯಾದ ಜೋಡಿಯೊಂದು ತಿರುಗಾಟ ಮುಗಿಸಿ ಬಂದು, "ಅಕ್ಕ, ಆ ಕ್ವಾರಿ ಎಷ್ಟು ಚೆನ್ನಾಗಿದೆ! ಸರಿಯಾಗಿ ಹನ್ನೆರಡಕ್ಕೆ ಹೋಗಿದ್ವಿ" ಎಂದಿತು.

ಅವಳ ಕೈಯಲ್ಲಿದ್ದ ಬಳಪ ಅಲ್ಲೇ ನಿಂತಿತು. "ನಾನು ಹೇಳಿರಲಿಲ್ಲವಲ್ಲ?"

"ನೀವಲ್ಲ, ಅಲ್ಲಿ ಕಟ್ಟೆ ಮೇಲೆ ಕೂತಿದ್ರಲ್ಲ, ದಪ್ಪ ಕನ್ನಡಕದವರು. ಲಾಡ್ಜಿನ ಹುಡುಗಿ ಹೇಳಿದ ಹೊತ್ತು ತಪ್ಪೋದೇ ಇಲ್ಲ, ಕಾಯಿರಿ ಅಂದ್ರು."

ಬಿಸಿಲಿಗೆ ಏನೋ ಕಂಡಿರಬೇಕು, ಯಾರೋ ತಮಾಷೆ ಮಾಡಿರಬೇಕು ಎಂದು ಅಣ್ಣ ಸಮಾಧಾನ ಹೇಳಿದ. ಏಳು ವರ್ಷದ ನಂತರ ಒಬ್ಬ ಫೋಟೋಗ್ರಾಫರ್ ಅದನ್ನೇ ಹೇಳಿದ. ಆಮೇಲೆ ಒಂದು ಸಂಸಾರ, ಗಂಡ ಹೆಂಡತಿ ಮತ್ತು ಆರು ವರ್ಷದ ಮಗಳು. ಮಗು ಕೌಂಟರಿನ ಅಂಚು ಹಿಡಿದು, ತುದಿಗಾಲಲ್ಲಿ ನಿಂತು, "ಆಂಟಿ, ನಂಗೆ ಮಧ್ಯಾಹ್ನ ಅಂತ ಹೇಳೋಕೆ ಬರುತ್ತೆ. ಆ ಅಜ್ಜಿ ಹೇಳ್ಕೊಟ್ರು. ಹಕ್ಕೆ ನ ಒತ್ತು" ಎಂದಿತು.

ಅವತ್ತಿನಿಂದ ಅಣ್ಣ ಸಮಾಧಾನ ಹೇಳುವುದನ್ನೂ ಬಿಟ್ಟ.

ಕೌಂಟರಕ್ಕ ಎಷ್ಟೋ ಸಲ ಕ್ವಾರಿಗೆ ಹೋಗಬೇಕೆಂದು ಹೊರಟು, ಇಟ್ಟಿಗೆ ಗೂಡಿನ ತಿರುವಿನವರೆಗೆ ಬಂದು, ಕಾಲು ಮುಂದೆ ಬಾರದೆ ತಿರುಗಿದ್ದಳು. ಕೌಂಟರಿನಲ್ಲಿದ್ದಾಗ ಹನ್ನೆರಡು ಬಡಿದರೆ ಸಾಕು, ಗಂಟಲು ಒಣಗಿ ಬರುತ್ತಿತ್ತು. ಚೊಂಬು ನೀರು ಕುಡಿದರೂ ಹೋಗುತ್ತಿರಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಮೂವತ್ತೇಳರ ಒಬ್ಬ ಹೆಂಗಸು ಒಂಟಿಯಾಗಿ ಬಂದು ಮಹಡಿಯ ಮೂಲೆ ರೂಮೇ ಬೇಕೆಂದಳು. ಬೀಗದ ಕೈ ಕೊಡುವಾಗ ಎಂದಿನ ಪ್ರಶ್ನೆಯನ್ನು ಸ್ವಲ್ಪ ಬೇರೆಯಾಗಿ ಕೇಳಿದಳು.

"ನಮ್ಮಮ್ಮನಿಗೆ ಏನೇನು ನೋಡೋಕೆ ಹೇಳಿದ್ರಿ?"

ಕೌಂಟರಕ್ಕ ತಲೆ ಎತ್ತಿದಳು. ಕನ್ನಡಕ ಇರಲಿಲ್ಲ. ಉಳಿದದ್ದೆಲ್ಲ ಅದೇ ಮುಖ.

"ಆವತ್ತು ಚೀಲ ಕೊಡುವಾಗ ನೀವು ನನ್ನ ಮುಖ ನೋಡ್ಲಿಲ್ಲ" ಎಂದಳು ಮಗಳು. "ಈಗ ನೋಡಿದ್ರಲ್ಲ, ಸಾಕು. ಫೋನಲ್ಲಿ ಯಾರೋ ಬರೆದಿದ್ರು, ಈ ಊರಿನ ಕ್ವಾರಿ ಹತ್ರ ಒಬ್ಬರು ಟೀಚರು ನಮ್ಮ ಮಗಳಿಗೆ ಉಚ್ಚಾರ ಹೇಳಿಕೊಟ್ರು ಅಂತ. ಓದಿದ ಮೇಲೆ ಮನೇಲಿ ಕೂರೋಕೆ ಆಗಲಿಲ್ಲ."

ಅವಳು ಪರ್ಸಿನಿಂದ ಒಂದು ಪೋಸ್ಟ್ ಕಾರ್ಡು ತೆಗೆದು ಕೌಂಟರಿನ ಮೇಲಿಟ್ಟಳು. ತಾಯಿ ಮಂಗಳವಾರ ಬೆಳಿಗ್ಗೆ ಹಾಕಿದ್ದು, ಮಗಳ ಕೈ ಸೇರಿದ್ದು ಒಂದು ವಾರದ ನಂತರ. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. 'ಇಲ್ಲಿ ಲಾಡ್ಜಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಒತ್ತಕ್ಷರ ಬರುವುದಿಲ್ಲ, ಊರು ಮಾತ್ರ ಅಂಗೈ ಗೆರೆಯಷ್ಟು ಗೊತ್ತು. ಯಾರಿಗೂ ಹೇಳದ ಜಾಗ ನನಗೆ ಹೇಳಿದ್ದಾಳೆ. ಈಗ ಅಲ್ಲಿಗೇ ಹೊರಟೆ.'

"ಇದನ್ನ ಯಾರಿಗೂ ತೋರಿಸಲಿಲ್ವಾ?"

"ಪೊಲೀಸರಿಗೆ ಕೊಟ್ಟಿದ್ರೆ ಫೈಲಿಗೆ ಸೇರಿಸ್ತಿದ್ರು, ವಾಪಸು ಬರ್ತಿರಲಿಲ್ಲ. ಅಮ್ಮ ಕೊನೇ ದಿನ ಖುಷಿಯಾಗಿದ್ಲು ಅನ್ನೋದಕ್ಕೆ ನನ್ನ ಹತ್ರ ಇದ್ದಿದ್ದು ಇದೊಂದೇ." ಮಗಳು ಕಾರ್ಡನ್ನು ಎತ್ತಿಕೊಂಡಳು. "ನೀವು ಅವಳಿಗೆ ಹೇಳಿದ್ದನ್ನೆಲ್ಲ ನಂಗೆ ತೋರಿಸಿ."

ಇಬ್ಬರೂ ಹೊರಟರು. ಗೋಪುರ ಹತ್ತಿದರು, ಮ್ಯೂಸಿಯಂನ ಮಹಡಿಯ ನಕ್ಷೆಗಳನ್ನು ನೋಡಿದರು, ಹತ್ತು ಗಂಟೆಯ ಬನ್ನು ತಗೊಂಡು ಪೋಸ್ಟಾಫೀಸಿನ ಪಕ್ಕದ ಬೆಂಚಿನ ಮೇಲೆ ಕೂತು ತಿಂದರು. ಮಗಳು ಎಲ್ಲವನ್ನೂ ನಿಧಾನವಾಗಿ, ಪರೀಕ್ಷೆಗೆ ಓದುವವಳ ಹಾಗೆ ನೋಡುತ್ತಿದ್ದಳು. ಇಟ್ಟಿಗೆ ಗೂಡಿನ ತಿರುವಿನಲ್ಲಿ ಕೌಂಟರಕ್ಕನ ಕಾಲು ಎಂದಿನಂತೆ ನಿಂತಿತು. ಮಗಳು ತಿರುಗಿ ನೋಡಲೂ ಇಲ್ಲ, ನಡೆದೇ ಹೋದಳು. ಆಗ ಇವಳ ಕಾಲೂ ಎದ್ದಿತು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮೇಲಿನ ಮೆಟ್ಟಿಲ ಹತ್ತಿರ ನಿಂತು ಅವಳು ಬಾಯಿ ಬಿಟ್ಟಳು. ಕೆಲಸದ ಹೆದರಿಕೆ, ಅಣ್ಣನ ತಲೆಯಾಟ, "ಬೀಗದ ಕೈ ಕೊಟ್ಟು ಹೊರಟ್ರು" ಎಂದ ಮಾತು, ಒಲೆಗೆ ಹಾಕಿದ ಚೀಟಿ, ಒಂದನ್ನೂ ಬಿಡಲಿಲ್ಲ. ಅಮ್ಮನಿಗೆ ಬುಧವಾರ ಸಂಜೆಯವರೆಗೆ ಜೀವವಿತ್ತು ಎಂಬುದು ಮಗಳಿಗೆ ಅವತ್ತೇ ಗೊತ್ತಿತ್ತು. ಪೊಲೀಸರು ಇವಳನ್ನು ಕೇಳಿದ್ದರೆಂಬುದು ಮಾತ್ರ ಗೊತ್ತಿರಲಿಲ್ಲ.

ಮಗಳು ಕೆಳಗಿನ ಕಟ್ಟೆಯನ್ನು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, "ಅವರು ಎಷ್ಟು ಗಂಟೆಗೆ ಕೇಳಿದ್ದು?"

"ಬುಧವಾರ ಬೆಳಿಗ್ಗೆ ಹತ್ತಕ್ಕೆ."

"ಲಾಡ್ಜಿಂದ ಇಲ್ಲಿಗೆ ಬರೋಕೆ ಎಷ್ಟೊತ್ತು?"

"ಜೀಪಾದ್ರೆ ಹದಿನೈದು ನಿಮಿಷ."

ಅಷ್ಟರಲ್ಲಿ ಬಿಸಿಲು ಒಳಗಿಳಿಯಿತು. ಗೋಡೆ ಮೇಲಿಂದ ಕೆಳಗೆ ಬಣ್ಣ ತಿರುಗುತ್ತಾ ಹೋಯಿತು. ಮಗಳು ಒಬ್ಬಳೇ ಮೆಟ್ಟಿಲಿಳಿದು ಕಟ್ಟೆಯ ಮೇಲೆ ಕೂತಳು. ಕೌಂಟರಕ್ಕ ಮೇಲಿನಿಂದಲೇ ನೋಡುತ್ತಿದ್ದಳು. ಮಗಳು ಒಮ್ಮೆ ಪಕ್ಕಕ್ಕೆ ಸರಿದು ಜಾಗ ಬಿಟ್ಟದ್ದು ಕಂಡಿತು. ಆಮೇಲೆ ತಲೆ ತಗ್ಗಿಸಿ, ಏನನ್ನೋ ಕೇಳಿಸಿಕೊಳ್ಳುವವಳಂತೆ, ಬಣ್ಣ ಆರುವವರೆಗೂ ಕೂತಿದ್ದಳು. ನೀರಿನ ಹತ್ತಿರ ಒಂದು ಹಕ್ಕಿಯೂ ಕೂಗಲಿಲ್ಲ.

ಮೇಲೆ ಬಂದವಳ ಮುಖ ಬಿಳಿಚಿಕೊಂಡಿತ್ತು. "ನನ್ನ ಹಿಂದೆ ಇಳಿದು ಬಂದಿದ್ದು ನೀವಾ?"

"ನಾನು ಇಲ್ಲಿಂದ ಅಲ್ಲಾಡಿಲ್ಲಮ್ಮ."

"ಗೊತ್ತು" ಎಂದಳು ಮಗಳು. ಇಬ್ಬರೂ ಬಂದ ದಾರಿಯಲ್ಲೇ ತಿರುಗಿದರು. ಲಾಡ್ಜಿನ ಬಾಗಿಲಲ್ಲಿ ನಿಂತು ಮಗಳು ಹೇಳಿದಳು: "ಪರವಾಗಿಲ್ಲ ಬಿಡಿ ಅನ್ನೋಕೆ ನಂಗೆ ಬರಲ್ಲ. ಅಮ್ಮ ಆಗಿದ್ರೆ ಏನು ಅಂತಿದ್ಲೋ ಗೊತ್ತಿಲ್ಲ. ನಾನು ಅವಳಲ್ಲ." ನಾಲ್ಕು ಗಂಟೆಯ ರೈಲಿಗೆ ಹೊರಟುಹೋದಳು.

ಮರುದಿನ ಕೌಂಟರಕ್ಕ ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಲ್ಲ ಹೇಳಿದಳು. ಅಲ್ಲಿದ್ದ ಅಧಿಕಾರಿಗೆ ಅವಳ ಅರ್ಧ ವಯಸ್ಸು. "ಹದಿನೆಂಟು ವರ್ಷ ಆಯ್ತಲ್ಲಮ್ಮ, ಫೈಲೇ ಇಲ್ಲ. ಇದನ್ನ ನಾನು ಎಲ್ಲಿ ಅಂತ ಬರ್ಕೊಳ್ಳಲಿ?" ಎಂದು ಟೀ ತರಿಸಿಕೊಟ್ಟು ಕಳಿಸಿದ. ಹಣ್ಣುಹಣ್ಣಾಗಿದ್ದ ಯಜಮಾನರು ಎಲ್ಲ ಕೇಳಿಸಿಕೊಂಡು, ಗೋಡೆ ನೋಡುತ್ತಾ, "ನಾಳೆ ಬರ್ತೀಯ ತಾನೆ?" ಎಂದಷ್ಟೇ ಕೇಳಿದರು. ಅಣ್ಣ ಮೂರು ದಿನ ಅಂಗಡಿ ತೆಗೆಯಲಿಲ್ಲ. ಬೈಸಿಕೊಳ್ಳಬೇಕೆಂದು ಹೋದಲ್ಲೆಲ್ಲ ಅವಳಿಗೆ ಯಾರೂ ಬೈಯಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಬೇರೆ ಸಿಗುತ್ತಿರಲಿಲ್ಲವೇನೋ.

ಅವಳು ನಗರಸಭೆಗೆ ಎಂಟು ತಿಂಗಳು ಅಲೆದು, ಕ್ವಾರಿಯ ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕಿಸಿದಳು. ಈಗ ದಿನವೂ ಹತ್ತೂವರೆಗೆ ಕೌಂಟರನ್ನು ಅಣ್ಣನಿಗೆ ಒಪ್ಪಿಸಿ ಅಲ್ಲಿಗೆ ಹೋಗಿ ಮೇಲಿನ ಮೆಟ್ಟಿಲ ಮೇಲೆ ಕೂರುತ್ತಾಳೆ. ಬಂದವರ ಕೈ ಹಿಡಿದು ಕೊನೆಯ ಮೆಟ್ಟಿಲು ದಾಟಿಸುತ್ತಾಳೆ. ಕೆಲವರು ವಾಪಸು ಹತ್ತಿ ಬರುವಾಗ ಕೆಳಗಿರುವವರು ಯಾರು ಎಂದು ಕೇಳುವುದುಂಟು. ಅವಳು ಬಗ್ಗಿ ನೋಡುತ್ತಾಳೆ. ಅವಳಿಗೆ ಕಾಣುವುದು ಖಾಲಿ ಕಟ್ಟೆ ಮತ್ತು ನೀರು, ಅಷ್ಟೆ. ಇನ್ನೂ ಸ್ವಲ್ಪ ಹೊತ್ತು ಕಾದಿದ್ದು, ಒಂದು ಗಂಟೆಗೆ ಎದ್ದು, ಬಂದ ದಾರಿಯಲ್ಲೇ ಕೆಲಸಕ್ಕೆ ನಡೆಯುತ್ತಾಳೆ.